ಕೆಲಸಕ್ಕೆ ಸೇರುವ ಮುಂಚಿನ ಆನ್‌ಲೈನ್ ಕೋರ್ಸ್: ಮೊದಲ ಭಾಗ ಓಡಿಸಿ, ಕೊನೆಯ ಭಾಗ ಕೂತು ನೋಡಿ

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಅದರಲ್ಲಿ ಎರಡೂವರೆ ಕೊನೆಯ ಒಂದೇ ಒಂದು ಮಾಡ್ಯೂಲ್‌ಗೆ ಸೇರಿದ್ದು. ಉಳಿದ ಅರ್ಧ ರೆಸ್ಯೂಮೆ ಪಾಠಕ್ಕೆ. ಮೊದಲ ಭಾಗಕ್ಕೆ ಸೊನ್ನೆ.

ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಅಂತ ಮಾಡಿದ ಕೋರ್ಸ್ ಇದು. ವಿಡಿಯೊ ಪಾಠ, ಅಸೈನ್‌ಮೆಂಟ್, ಒಂದು ಮಾಕ್ ಇಂಟರ್‌ವ್ಯೂ (ಅಭ್ಯಾಸಕ್ಕೆ ಮಾಡುವ ಸಂದರ್ಶನ), ಕೊನೆಗೆ ಸರ್ಟಿಫಿಕೇಟ್. ಸೇರಿದ್ದು ನನ್ನ ಅಕ್ಕನ ಮಗಳು. ನಾನು ಆಫೀಸಿನಲ್ಲಿ ಹೊಸಬರಿಗೆ ಕೆಲಸ ಕಲಿಸುವ ಜಾಗದಲ್ಲಿ ಇರುವುದರಿಂದ, ಇವರೆಲ್ಲ ಏನು ಕಲಿತು ಬರುತ್ತಾರೆ ನೋಡೋಣ ಅಂತ ಅವಳ ಜೊತೆ ಕೂತು ಪೂರ್ತಿ ನೋಡಿದೆ. ಕಂಪನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಯಾಕೆಂದರೆ ಇಂಥ ಬೇರೆ ಕೋರ್ಸ್‌ಗಳ ಪಾಠಪಟ್ಟಿಯೂ ನೋಡಿದೆ, ಹೆಚ್ಚುಕಡಿಮೆ ಎಲ್ಲರದ್ದೂ ಇದೇ ಕಥೆ. ನೀವು ಯಾವುದಕ್ಕೆ ಸೇರಿದರೂ ಕೆಳಗಿನ ಮಾತು ಉಪಯೋಗಕ್ಕೆ ಬರಬಹುದು.

ಶುರುವಿನ ಮಾಡ್ಯೂಲ್‌ಗಳ ಹೆಸರು ವ್ಯಕ್ತಿತ್ವ, ಆತ್ಮವಿಶ್ವಾಸ, ಬಾಡಿ ಲಾಂಗ್ವೇಜ್. ಮೊದಲ ಪಾಠದ ಮೊದಲ ಸ್ಲೈಡಿನಲ್ಲೇ ಆ ಹಳೇ ಲೆಕ್ಕ ಬಂತು. ನಿಮ್ಮ ಮಾತಿನ ಪ್ರಭಾವದಲ್ಲಿ ಶೇಕಡ 55 ದೇಹಭಾಷೆ, 38 ದನಿ, ಪದಗಳು ಬರೀ 7 ಅಂತೆ. ತರಬೇತಿ ಕೊಡುವವರು ಇದನ್ನು ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ ಅಂದರೆ, ಈಗ ಯಾರೂ ಇದರ ಮೂಲ ಕೇಳುವುದೇ ಇಲ್ಲ. ಈ ಅಂಕಿ ಬಂದಿದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಜೊತೆಗಾರರು 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ. ಅಲ್ಲಿ ಜನರಿಗೆ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನು. ಒಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ, ಮುಖದ ಫೋಟೊ ತೋರಿಸಿ, ಈ ವ್ಯಕ್ತಿಗೆ ಎದುರಿನವರು ಇಷ್ಟವೋ ಅಲ್ಲವೋ ಅಂತ ಊಹಿಸಲು ಹೇಳಿದ್ದರು. ಅಷ್ಟೇ. ಇಷ್ಟ, ಇಷ್ಟವಿಲ್ಲ ಅನ್ನುವಂಥ ಭಾವನೆ ತಿಳಿಸುವ ಮಾತಿಗೆ ಮಾತ್ರ ಈ ಲೆಕ್ಕ, ಎಲ್ಲ ಮಾತಿಗೂ ಅಲ್ಲ ಅಂತ ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ಮೊದಲ ಸುತ್ತಿನ ಸಂದರ್ಶನ ಎಷ್ಟೋ ಕಡೆ ಫೋನಿನಲ್ಲಿ ನಡೆಯುತ್ತದೆ, ಅಲ್ವಾ? ಈ ಲೆಕ್ಕ ನಿಜವಾದರೆ ಅಲ್ಲಿ ಅರ್ಧಕ್ಕಿಂತ ಜಾಸ್ತಿ ನಷ್ಟವಾಗಿಯೇ ಶುರುವಾಗಬೇಕು.

ಇದರಿಂದ ಆಗುವ ತೊಂದರೆ ಏನು ಅಂದರೆ, ಹುಡುಗರು ಹೇಳುವ ವಿಷಯ ಬಿಟ್ಟು ಕೈ ಎಲ್ಲಿ ಇಡಬೇಕು ಅನ್ನುವುದನ್ನೇ ಯೋಚಿಸುತ್ತಾ ಬಂದು ಕೂರುತ್ತಾರೆ. ನನ್ನ ಎದುರು ಕೂತು ಪ್ರಾಜೆಕ್ಟ್ ಬಗ್ಗೆ ಕೇಳಿದಾಗ, ಉತ್ತರಕ್ಕಿಂತ ಮುಂಚೆ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಕಲಿತ ನಗು ತಂದುಕೊಳ್ಳುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಎರಡನೇ ಪಾಠ ಪವರ್ ಪೋಸ್. ಸಂದರ್ಶನಕ್ಕೆ ಹೋಗುವ ಮುಂಚೆ ಎಲ್ಲಾದರೂ ಮರೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಲ್ಲಿ, ಹಾರ್ಮೋನ್ ಬದಲಾಗುತ್ತದೆ ಅಂತ ಪಾಠ ಮಾಡುವವರು ಬಹಳ ಹುಮ್ಮಸ್ಸಿನಿಂದ ಹೇಳುತ್ತಾರೆ. ಈ ಮಾತು ಹುಟ್ಟಿದ್ದು 2010ರಲ್ಲಿ ಬಂದ ಒಂದು ಅಧ್ಯಯನದಿಂದ, ಅದರಲ್ಲಿ ಇದ್ದಿದ್ದು 42 ಜನ. 2015ರಲ್ಲಿ ಇನ್ನೊಂದು ತಂಡ 200 ಜನರ ಮೇಲೆ ಮತ್ತೆ ಮಾಡಿ ನೋಡಿತು. ಹಾಗೆ ನಿಂತವರಿಗೆ ಧೈರ್ಯ ಬಂದಂತೆ ಅನ್ನಿಸಿತಂತೆ, ಆದರೆ ಹಾರ್ಮೋನೂ ಬದಲಾಗಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ. 2016ರಲ್ಲಿ ಮೂಲ ಅಧ್ಯಯನ ಬರೆದವರಲ್ಲಿ ಒಬ್ಬರಾದ ಡೇನಾ ಕಾರ್ನಿ, ಈ ಪರಿಣಾಮ ನಿಜ ಅಂತ ನಾನು ಈಗ ನಂಬುವುದಿಲ್ಲ ಅಂತ ಬಹಿರಂಗವಾಗಿಯೇ ಬರೆದರು. ನಿಂತರೆ ಸಮಾಧಾನ ಆಗುತ್ತದೆ ಅಂದರೆ ನಿಲ್ಲಲಿ, ಬೇಡ ಅನ್ನಲ್ಲ. ಆದರೆ ದುಡ್ಡು ತಗೊಂಡು ವಿಜ್ಞಾನ ಅಂತ ಕಲಿಸುವುದು ಸರಿಯಲ್ಲ.

ಆಮೇಲೆ ನಾಲ್ಕು ಅಕ್ಷರದ ವ್ಯಕ್ತಿತ್ವ ಪರೀಕ್ಷೆ. ಮೈಯರ್ಸ್-ಬ್ರಿಗ್ಸ್ ಅಂತ ಪ್ರಸಿದ್ಧವಾದದ್ದರ ಉಚಿತ ನಕಲು. ಉತ್ತರ ಕೊಟ್ಟರೆ ನೀವು ಇಂಥ ಮಾದರಿಯವರು ಅಂತ ನಾಲ್ಕು ಅಕ್ಷರದಲ್ಲಿ ಹೇಳುತ್ತದೆ, ಅದನ್ನು ರೆಸ್ಯೂಮೆಯಲ್ಲಿ ಹಾಕಿ ಅಂತಲೂ ಕೋರ್ಸ್ ಹೇಳುತ್ತದೆ. ದಯವಿಟ್ಟು ಹಾಕಬೇಡಿ. ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬಾರದು ಅಂತ ಮೂಲ ಪರೀಕ್ಷೆಯನ್ನು ಮಾರುವ ಕಂಪನಿಯೇ ಹೇಳುತ್ತದೆ. ಒಂದೇ ವ್ಯಕ್ತಿ ಸ್ವಲ್ಪ ದಿನ ಬಿಟ್ಟು ಮತ್ತೆ ಬರೆದರೆ ಅಕ್ಷರ ಬದಲಾಗುವುದೂ ಮಾಮೂಲು. ಅಕ್ಕನ ಮಗಳಿಗೇ ಹಾಗಾಯಿತು. ಬೆಳಿಗ್ಗೆ ಅಂತರ್ಮುಖಿ, ಸಂಜೆ ಬಹಿರ್ಮುಖಿ. "ನಾನು ಯಾರು ಅಂತ ಹಾಕಲಿ ಈಗ?" ಅಂತ ನಗುತ್ತಿದ್ದಳು.

ರೆಸ್ಯೂಮೆ ಪಾಠ ಪರವಾಗಿಲ್ಲ. ಒಂದು ಪುಟಕ್ಕೆ ಇಳಿಸಿ, ಚಿತ್ರ ಮಾಡಿ ಕಳಿಸಬೇಡಿ, ಅಕ್ಷರ ಆಯ್ಕೆ ಮಾಡಲು ಬರುವ ಪಿಡಿಎಫ್ ಕಳಿಸಿ, ಎರಡು ಕಾಲಂ ಮತ್ತು ಟೇಬಲ್ ಇದ್ದರೆ ಅರ್ಜಿ ಓದುವ ಸಾಫ್ಟ್‌ವೇರ್ ತಪ್ಪಾಗಿ ಓದಬಹುದು, ಎಲ್ಲಾ ಸರಿಯಾದ ಮಾತೇ. ನನಗೆ ಹಿಡಿಸಿದ್ದು, 'ಜವಾಬ್ದಾರಿ ಹೊತ್ತಿದ್ದೆ' ಅನ್ನುವ ಸಾಲನ್ನು ತೆಗೆದು ಏನು ಮಾಡಿದೆ ಅಂತ ಬರೆಸಿದ್ದು. ಆದರೆ ಅವರೇ ಕೊಡುವ ಟೆಂಪ್ಲೇಟಿನಲ್ಲಿ ಸಂವಹನ ಕೌಶಲ ಶೇಕಡ 80 ಅಂತ ಬಣ್ಣದ ಪಟ್ಟಿ ಇದೆ. ಯಾರು ಅಳೆದರು? ಉಳಿದ 20 ಎಲ್ಲಿ ಹೋಯಿತು? ಅದನ್ನು ಅಳಿಸಿ ಕಳಿಸಿ.

ಸಂದರ್ಶನದ ಮಾಡ್ಯೂಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಒಳ್ಳೆಯದೂ ಇದೆ, ಅದನ್ನು ಹಾಳುಮಾಡಿದ್ದೂ ಇದೆ. ಸ್ಟಾರ್ (STAR) ಪದ್ಧತಿ ಕಲಿಸುತ್ತಾರೆ. ಅಂದರೆ ಸಂದರ್ಭ ಏನಿತ್ತು, ನನ್ನ ಪಾಲಿನ ಕೆಲಸ ಏನು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು, ಈ ಕ್ರಮದಲ್ಲಿ ಹೇಳುವುದು. ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎಷ್ಟೋ ಕಡೆ ಈಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಬರೆದಿಟ್ಟ ಅಳತೆಯ ಪ್ರಕಾರ ಅಂಕ ಹಾಕುತ್ತಾರೆ. ಸುಮ್ನೆ ಹರಟೆ ಹೊಡೆದು ಅಳೆಯುವುದಕ್ಕಿಂತ ಹೀಗೆ ಮಾಡಿದರೆ ಯಾರು ಕೆಲಸ ಚೆನ್ನಾಗಿ ಮಾಡುತ್ತಾರೆ ಅನ್ನುವುದು ಹೆಚ್ಚು ಸರಿಯಾಗಿ ಗೊತ್ತಾಗುತ್ತದೆ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ ನೌಕರರ ಆಯ್ಕೆ ಬಗೆಗಿನ 85 ವರ್ಷಗಳ ಸಂಶೋಧನೆ ಒಟ್ಟುಹಾಕಿದಾಗಲೂ ಇದೇ ಕಂಡಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿದಾಗ, ಬೇರೆ ಕೆಲವು ವಿಧಾನಗಳ ಅಂಕಿ ಇಳಿಯಿತು, ಇಂಥ ಕ್ರಮಬದ್ಧ ಸಂದರ್ಶನ ಪಟ್ಟಿಯ ಮೇಲೆ ಬಂತು. ಅಂಕ ಹಾಕುವವರಿಗೆ ಬೇಕಾಗಿರುವುದು ವಿವರ. 'ನಾನು ಟೀಮ್ ಪ್ಲೇಯರ್' ಅಂದರೆ ಬರೆದುಕೊಳ್ಳಲು ಏನೂ ಇರುವುದಿಲ್ಲ. 'ಇಬ್ಬರು ಒಂದೇ ಫೈಲನ್ನು ತಿದ್ದುತ್ತಿದ್ದರು, ದಿನಾ ಗೊಂದಲ ಆಗುತ್ತಿತ್ತು, ಯಾರು ಯಾವಾಗ ತಿದ್ದಬೇಕು ಅಂತ ನಾನು ಒಂದು ಪಟ್ಟಿ ಮಾಡಿದೆ, ಆಮೇಲೆ ಗೊಂದಲ ನಿಂತಿತು' ಅಂದರೆ ಪೆನ್ನು ಓಡುತ್ತದೆ.

ಹಾಳುಮಾಡಿದ್ದು ಎಲ್ಲಿ ಅಂದರೆ, ಇಷ್ಟು ಕಲಿಸಿದ ಮೇಲೆ ಅವರೇ ರೆಡಿಮೇಡ್ ಉತ್ತರಗಳ ಫೈಲ್ ಕೊಡುತ್ತಾರೆ. ನಿಮ್ಮ ದೌರ್ಬಲ್ಯ ಏನು ಅಂದರೆ 'ನಾನು ಎಲ್ಲವೂ ಪರಿಪೂರ್ಣವಾಗಿರಬೇಕು ಅನ್ನುವವನು' ಅನ್ನಬೇಕಂತೆ. ಅಯ್ಯೋ. ಇದನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಕೋರ್ಸಿನ ಎಲ್ಲರೂ ಅದೇ ಫೈಲ್ ಓದಿ ಬರುತ್ತಾರೆ ಅನ್ನುವುದು ಬರೆದವರಿಗೆ ಹೊಳೆಯಲಿಲ್ಲವೋ ಏನೋ.

ಮಾಕ್ ಇಂಟರ್‌ವ್ಯೂ ಇನ್ನೂ ಬೇಜಾರು. ಇಡೀ ಪ್ಯಾಕೇಜಿನಲ್ಲಿ ಒಬ್ಬ ಮನುಷ್ಯ ನಿಮ್ಮನ್ನು ನೋಡಿ ಏನಾದರೂ ಹೇಳುವ ಜಾಗ ಅದೊಂದೇ. ತಡವಾಗಿ ಬಂದವರು ಕ್ಯಾಮೆರಾ ಹಾಕಲಿಲ್ಲ, ತಡವಾಗಿದ್ದಕ್ಕೆ ಒಂದು ಮಾತೂ ಇಲ್ಲ. ವೃತ್ತಿಪರ ನಡವಳಿಕೆ ಕಲಿಸುವ ಕೋರ್ಸಿನಲ್ಲಿ! ಕೊನೆಗೆ ಬಂದ ಫೀಡ್‌ಬ್ಯಾಕ್: 'ಕಾನ್ಫಿಡೆನ್ಸ್ ಸುಧಾರಿಸಿಕೊಳ್ಳಬೇಕು, ಐ ಕಾಂಟ್ಯಾಕ್ಟ್ ಕಡಿಮೆ'. ಅವಳ ಎದುರು ಇದ್ದಿದ್ದು ಕಪ್ಪು ಪರದೆ, ಯಾವ ಕಣ್ಣನ್ನು ನೋಡಬೇಕಿತ್ತು? ಯಾವ ಪ್ರಶ್ನೆಗೆ ಉತ್ತರ ಉದ್ದವಾಯಿತು, ಯಾವುದರಲ್ಲಿ ವಿವರ ಸಾಲದು, ಒಂದೂ ಇಲ್ಲ. ದೂರು ಕೊಟ್ಟ ಮೇಲೆ ಇನ್ನೊಂದು ಸಲ ಮಾಡಿಸಿದರು, ಆ ಮೇಡಂ ಚೆನ್ನಾಗಿ ಮಾಡಿದರು. ಅಂದರೆ ಯಾರು ಸಿಗುತ್ತಾರೆ ಅನ್ನುವುದು ಅದೃಷ್ಟ.

ನೆಟ್‌ವರ್ಕಿಂಗ್ ಪಾಠದ ಸಲಹೆ ದಿನಾ ಅಷ್ಟು ಅಪರಿಚಿತರಿಗೆ ಲಿಂಕ್ಡ್‌ಇನ್‌ನಲ್ಲಿ ರಿಕ್ವೆಸ್ಟ್ ಕಳಿಸಿ ಅಂತ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದದ್ದು ಇದಕ್ಕೆ ಆಧಾರ ಅಂತ ಹೇಳುತ್ತಾರೆ, ಆದರೆ ಅರ್ಧ ಮಾತ್ರ ಹೇಳುತ್ತಾರೆ. ಗ್ರಾನೊವೆಟರ್ ಕಂಡುಕೊಂಡಿದ್ದು, ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಬಹುಪಾಲು ಜನಕ್ಕೆ ಸುಳಿವು ಕೊಟ್ಟಿದ್ದು ದಿನಾ ಸಿಗುವ ಸ್ನೇಹಿತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯಸ್ಥರು. ಪರಿಚಯಸ್ಥರು, ಗಮನಿಸಿ. ಹಿಂದಿನ ಬ್ಯಾಚಿನ ಸೀನಿಯರ್, ಇಂಟರ್ನ್‌ಶಿಪ್‌ನಲ್ಲಿ ಪಕ್ಕದ ಟೀಮಿನಲ್ಲಿ ಇದ್ದವರು, ಅಂಥವರು. ಗುರುತೇ ಇಲ್ಲದ ಸಾವಿರ ಜನ ಅಲ್ಲ. ಇಂಥ ಪರಿಚಯ ಉಳಿಯುವುದು ಅಲ್ಲಿ ಇದ್ದಾಗ ನೀವು ಹೇಗೆ ಕೆಲಸ ಮಾಡಿದಿರಿ ಅನ್ನುವುದರ ಮೇಲೆ.

ಈಗ ಕೊನೆಯ ಮಾಡ್ಯೂಲ್. ಹೆಸರು 'ಸೇರಿದ ಮೇಲೆ'. ಪಾಠ ಮಾಡಿದವರು ಬಹಳ ವರ್ಷ ತಂಡ ನಡೆಸಿದ ಒಬ್ಬ ಮೇಡಂ. ಹಿಂದೆ ಸಂಗೀತ ಇಲ್ಲ, ಸ್ಲೈಡ್ ಕೂಡ ಕಡಿಮೆ. ಒಂದೊಂದು ಸಂದರ್ಭ ತಗೊಂಡು ಹೀಗೆ ಬರೆದರೆ ಏನಾಗುತ್ತದೆ, ಹಾಗೆ ಬರೆದರೆ ಏನಾಗುತ್ತದೆ ಅಂತ ತೋರಿಸುತ್ತಾ ಹೋಗುತ್ತಾರೆ. ಇಡೀ ಕೋರ್ಸ್ ಇವರೇ ಮಾಡಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಮೊದಲನೆಯದು ತಡವಾಗುವ ಕೆಲಸದ ಬಗ್ಗೆ. ಹೊಸಬರು ಸಾಮಾನ್ಯವಾಗಿ ಮಾಡುವುದು ಏನು? ಗಡುವಿನ ದಿನದವರೆಗೂ ಸುಮ್ಮನಿರುತ್ತಾರೆ, ರಾತ್ರಿಯೆಲ್ಲ ಒದ್ದಾಡುತ್ತಾರೆ, ಆಮೇಲೆ 'ಸಾರಿ ಸರ್, ಸ್ವಲ್ಪ ಟೈಮ್ ಬೇಕು' ಅಂತ ಒಂದು ಸಾಲು ಕಳಿಸುತ್ತಾರೆ. ಅದರಲ್ಲಿ ಎಷ್ಟು ಟೈಮ್, ಯಾಕೆ, ಈಗ ಎಲ್ಲಿದೆ, ಏನೂ ಗೊತ್ತಾಗುವುದಿಲ್ಲ. ಮೇಡಂ ಕೊಡುವ ಮಾದರಿ ಹೀಗಿದೆ: 'ಗುರುವಾರ ಕೊಡಬೇಕಿದ್ದ ವರದಿ ಶುಕ್ರವಾರ ಮಧ್ಯಾಹ್ನಕ್ಕೆ ಹೋಗಬಹುದು. ಮೂರು ಭಾಗದಲ್ಲಿ ಎರಡು ಮುಗಿದಿದೆ, ಮೂರನೆಯದಕ್ಕೆ ಬೇಕಾದ ಅಂಕಿಅಂಶ ಇನ್ನೂ ಬಂದಿಲ್ಲ. ಗುರುವಾರವೇ ಬೇಕು ಅಂದರೆ ಎರಡು ಭಾಗ ಮಾತ್ರ ಕಳಿಸಬಲ್ಲೆ. ಯಾವುದು ಸರಿ ಹೇಳಿ.' ಇದನ್ನು ಮಂಗಳವಾರವೇ ಕಳಿಸಬೇಕು, ಅದೇ ಮುಖ್ಯ. ನನ್ನ ಕಡೆಯಿಂದ ಹೇಳುತ್ತೇನೆ, ಮಂಗಳವಾರ ಇಂಥ ಮೆಸೇಜ್ ಬಂದರೆ ನಾನು ಗ್ರಾಹಕರಿಗೆ ತಿಳಿಸಬಹುದು, ಇನ್ನೊಬ್ಬರನ್ನು ಜೊತೆಗೆ ಹಾಕಬಹುದು. ಗುರುವಾರ ಸಂಜೆ ಬಂದರೆ ನಾನೂ ಬೇರೆಯವರ ಮುಂದೆ ತಲೆ ತಗ್ಗಿಸಬೇಕು.

ಸಹಾಯ ಕೇಳುವ ಪಾಠವೂ ಅಷ್ಟೇ ಚೆನ್ನಾಗಿದೆ. 'ಇದು ಬರ್ತಿಲ್ಲ' ಅನ್ನುವ ಬದಲು ಏನು ಮಾಡಲು ಹೊರಟಿದ್ದೆ, ಏನೇನು ಮಾಡಿ ನೋಡಿದೆ, ಎಲ್ಲಿ ನಿಂತಿತು ಅಂತ ಬರೆಯಿರಿ ಅನ್ನುತ್ತಾರೆ. ಹೀಗೆ ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆದುಬಿಡುತ್ತದೆ. ಇನ್ನೊಂದು, ಯಾರಾದರೂ ಬಾಯಿಮಾತಿನಲ್ಲಿ ಕೆಲಸ ಹೇಳಿದರೆ ನಿಮಗೆ ಅರ್ಥವಾದದ್ದನ್ನು ಎರಡು ಸಾಲಿನಲ್ಲಿ ಬರೆದು ವಾಪಸ್ ಕಳಿಸಿ ಅಂತ. ಹೇಳಿದವರಿಗೇ ಕೆಲವೊಮ್ಮೆ ತಾವು ಏನು ಹೇಳಿದೆವು ಅಂತ ನೆನಪಿರುವುದಿಲ್ಲ, ನಂಬಿ.

ತಪ್ಪು ಆದಾಗ ಹೇಳುವ ಬಗ್ಗೆ ಅವರು ಒಂದು ಅಧ್ಯಯನ ತರುತ್ತಾರೆ, ಈ ಸಲ ಸರಿಯಾದದ್ದೇ. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಂದುಕೊಂಡಿದ್ದರು. ಸಿಕ್ಕ ಲೆಕ್ಕ ಉಲ್ಟಾ. ಚೆನ್ನಾಗಿ ನಡೆಯುವ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ನೋಡಿದರೆ, ಆ ತಂಡಗಳು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಹೆದರದೆ ಹೇಳುತ್ತಿದ್ದವು. 1996ರಲ್ಲಿ ಪ್ರಕಟವಾದ ಅಧ್ಯಯನ ಇದು. ಮೇಡಂ ಇದನ್ನು ಹೊಸಬರಿಗೆ ಧೈರ್ಯ ತುಂಬಲು ಬಳಸುತ್ತಾರೆ, ಸರಿ. ಆದರೆ ಇದನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಮ್ಯಾನೇಜರ್‌ಗಳು. ತಪ್ಪು ಹೇಳಿಕೊಂಡ ಹುಡುಗನನ್ನು ಎಲ್ಲರ ಮುಂದೆ ಬೈದರೆ, ಮುಂದಿನ ಸಲ ಅವನೂ ಹೇಳುವುದಿಲ್ಲ, ನೋಡುತ್ತಾ ಕೂತವರೂ ಹೇಳುವುದಿಲ್ಲ.

ಇಮೇಲ್ ಬಗ್ಗೆ ಬೇಕಾದಷ್ಟಿದೆ: ಯಾರನ್ನು ಸಿಸಿಯಲ್ಲಿ ಇಡಬೇಕು, ಯಾವಾಗ ಎಲ್ಲರಿಗೂ ರಿಪ್ಲೈ ಹೋಗಬಾರದು, ಬಿಸಿಸಿಯಲ್ಲಿ ಇಟ್ಟವರ ಹೆಸರು ಉಳಿದವರಿಗೆ ಕಾಣುವುದಿಲ್ಲ ಅನ್ನುವುದು. ಜಗಳ ಮಾಡಲು ಬಾಸ್‌ನನ್ನು ಸಿಸಿಗೆ ಸೇರಿಸುವ ಚಾಳಿಯನ್ನೂ ಚೆನ್ನಾಗಿ ಝಾಡಿಸಿದ್ದಾರೆ.

ಗೌಪ್ಯತೆಗೆ ಮಾತ್ರ ಎರಡೇ ನಿಮಿಷ ಕೊಟ್ಟಿದ್ದು ಕಡಿಮೆ ಆಯಿತು. ಈಗ ಹೊಸಬರೆಲ್ಲ ಚಾಟ್‌ಜಿಪಿಟಿಯಂಥವನ್ನು ಬಳಸುತ್ತಾರೆ, ತಪ್ಪೇನಿಲ್ಲ. ಆದರೆ ಆಫೀಸಿನ ಫೈಲನ್ನು ಅದರಲ್ಲಿ ಅಂಟಿಸಿದರೆ ಅದು ಹೊರಗೆ ಹೋದಂತೆಯೇ ಅನ್ನುವುದು ಬಹಳ ಜನಕ್ಕೆ ತಲೆಗೆ ಹೋಗಿರುವುದಿಲ್ಲ. ಸ್ಯಾಮ್ಸಂಗ್‌ನಂಥ ಕಂಪನಿಯೇ 2023ರಲ್ಲಿ, ನೌಕರರು ಒಳಗಿನ ಕೋಡನ್ನು ಅದರಲ್ಲಿ ಹಾಕಿದ್ದು ಗೊತ್ತಾದ ಮೇಲೆ ಇಂಥ ಟೂಲ್‌ಗಳಿಗೆ ನಿರ್ಬಂಧ ಹಾಕಬೇಕಾಯಿತು. ಇದಕ್ಕೇ ಒಂದು ಪೂರ್ತಿ ಪಾಠ ಬೇಕಿತ್ತು. ಪವರ್ ಪೋಸ್ ತೆಗೆದರೆ ಜಾಗ ಸಿಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಕೋರ್ಸಿನಲ್ಲಿ ಇಲ್ಲದೇ ಇರುವುದನ್ನು ನೋಡಿ. ನಡವಳಿಕೆ ಅಂದರೆ ಕೆಳಗಿನವರು ಮೇಲಿನವರ ಜೊತೆ ನಡೆದುಕೊಳ್ಳುವ ರೀತಿ ಅಷ್ಟೇ ಅಂತ ಇವರು ಅಂದುಕೊಂಡ ಹಾಗಿದೆ. ಮೇಲಿನವರು ಮಾಡದ ಕೆಲಸದ ಗಂಟೆ ಬರೆದು ಸಹಿ ಹಾಕು ಅಂದರೆ ಏನು ಮಾಡಬೇಕು? ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು, ಏನನ್ನು ಬರೆದಿಟ್ಟುಕೊಳ್ಳಬೇಕು? ಆಫರ್ ಲೆಟರ್‌ನಲ್ಲಿ ನೋಟಿಸ್ ಅವಧಿ, ಬಾಂಡ್, ಪ್ರೊಬೇಷನ್ ಹೇಗೆ ಓದಬೇಕು? ಪಾಠದಲ್ಲಿ ಇದೆಲ್ಲಕ್ಕೂ ಸೇರಿ ಇರುವುದು ಒಂದೇ ಸಲಹೆ, ಸಕಾರಾತ್ಮಕವಾಗಿರಿ, ಹೊಂದಿಕೊಂಡು ಹೋಗಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆ 190ನೇ ಒಡಂಬಡಿಕೆ ಮಾಡಿತು. ಅದರಲ್ಲಿ ಖಾಯಂ ನೌಕರರು ಮಾತ್ರವಲ್ಲ, ಇಂಟರ್ನ್‌ಗಳು, ತರಬೇತಿಯಲ್ಲಿ ಇರುವವರು, ಕೆಲಸ ಹುಡುಕುತ್ತಿರುವವರು, ಅರ್ಜಿ ಹಾಕಿದವರು ಕೂಡ ಸೇರುತ್ತಾರೆ ಅಂತ ಸ್ಪಷ್ಟವಾಗಿ ಬರೆದಿದೆ. ಅಂದರೆ ಈ ಕೋರ್ಸ್ ನೋಡುವ ಹುಡುಗ ಹುಡುಗಿಯರೇ! ಅದೇ ಸಂಘಟನೆಯ 1997ರ 181ನೇ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ತಗೊಳ್ಳಬಾರದು ಅನ್ನುತ್ತದೆ. ಒಡಂಬಡಿಕೆಯನ್ನು ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅದು ಕಟ್ಟುಪಾಡು, ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅದೆಲ್ಲ ಸರಿ. ಆದರೂ ಕೆಲಸ ಕೊಡಿಸುತ್ತೇವೆ ಮೊದಲು ದುಡ್ಡು ಕಟ್ಟಿ ಅನ್ನುವವರನ್ನು ಕಂಡರೆ ಅನುಮಾನ ಪಡಿ ಅಂತ ಹೇಳಲು ಒಂದು ನಿಮಿಷ ಸಾಕಿತ್ತು. ಹೊಸಬರು ಮೋಸ ಹೋಗುವುದು ಇಲ್ಲೇ. ಎಲ್ಲದಕ್ಕೂ ನಗುನಗುತ್ತಾ ಹೂಂ ಅನ್ನುವುದನ್ನು ಕಲಿಸಿ ಕಳಿಸಿದರೆ ಅವರು ಯಾರಿಗೆ ಬೇಡ ಅಂದಾರು?

ಉಳಿದ ವ್ಯವಸ್ಥೆ ಬಗ್ಗೆ. ವಿಡಿಯೊ ಗುಣಮಟ್ಟ ಚೆನ್ನಾಗಿದೆ, ವೇಗ ಹೆಚ್ಚಿಸಿ ನೋಡಬಹುದು, ಮೊಬೈಲಿನಲ್ಲೂ ಸಲೀಸಾಗಿ ಓಡುತ್ತದೆ. ಅಸೈನ್‌ಮೆಂಟ್ ತಿದ್ದಿ ಕೊಡುತ್ತೇವೆ ಅನ್ನುತ್ತಾರೆ, ಬರುವುದು ಎಲ್ಲರಿಗೂ ಒಂದೇ 'ಗುಡ್ ಎಫರ್ಟ್'. ಅಕ್ಕನ ಮಗಳು ಒಮ್ಮೆ ಬೇಕಂತಲೇ ಖಾಲಿ ಫೈಲ್ ಹಾಕಿದಳು, ಅದಕ್ಕೂ ಅದೇ ಬಂತು. ಸರ್ಟಿಫಿಕೇಟ್ ವಿಡಿಯೊ ಮುಗಿದರೆ ತಾನಾಗಿ ಬರುತ್ತದೆ. ನನ್ನ ಮುಂದೆ ಬರುವ ರೆಸ್ಯೂಮೆಗಳಲ್ಲಿ ಇಂಥ ಸರ್ಟಿಫಿಕೇಟ್ ನೋಡಿ ನಾನು ಯಾರನ್ನೂ ಕರೆದಿಲ್ಲ, ಕೈಬಿಟ್ಟೂ ಇಲ್ಲ. 'ಪ್ಲೇಸ್‌ಮೆಂಟ್ ನೆರವು' ಅಂದರೆ ಎಲ್ಲರಿಗೂ ಸಿಗುವ ಜಾಹೀರಾತುಗಳ ಲಿಂಕ್ ವಾರಕ್ಕೊಮ್ಮೆ ಮೇಲ್‌ನಲ್ಲಿ ಬರುತ್ತದೆ, ಅರ್ಧ ಗಡುವು ಮುಗಿದವು. ಕಸ್ಟಮರ್ ಕೇರ್ ಮಾತ್ರ ಬೇಗ ಉತ್ತರ ಕೊಡುತ್ತದೆ, ಮರ್ಯಾದೆಯಿಂದ ಮಾತಾಡುತ್ತಾರೆ, ಅದನ್ನು ಹೇಳಲೇಬೇಕು.

ಸೇರುವುದಾದರೆ ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಮಾಕ್ ಇಂಟರ್‌ವ್ಯೂ ಮಾಡುವವರು ನಿಜವಾಗಿ ಜನರನ್ನು ಕೆಲಸಕ್ಕೆ ತಗೊಂಡಿದ್ದಾರಾ? ಅವರು ಕೊಡುವ ಫೀಡ್‌ಬ್ಯಾಕ್‌ನ ಒಂದು ಮಾದರಿ ತೋರಿಸುತ್ತೀರಾ? ಕೊನೆಯ ಮಾಡ್ಯೂಲ್ ಒಂದನ್ನೇ ಕೊಡುತ್ತೀರಾ? ಮೂರನೆಯದನ್ನು ನಾನು ಕೇಳಿದೆ. ಸದ್ಯಕ್ಕೆ ಇಲ್ಲವಂತೆ, ಪೂರ್ತಿ ಪ್ಯಾಕೇಜೇ ತಗೊಳ್ಳಬೇಕಂತೆ. ಯಾವಾಗಲಾದರೂ ಬಿಡಿಯಾಗಿ ಕೊಡಲು ಶುರುಮಾಡಿದರೆ ನಮ್ಮ ತಂಡಕ್ಕೆ ಬರುವ ಹೊಸಬರಿಗೆಲ್ಲ ನಾನೇ ಕೊಡಿಸುತ್ತೇನೆ.